ವಿದ್ಯಾರ್ಥಿ ವೇತನಕ್ಕಿಲ್ಲ ತೆರಿಗೆ, ಠೇವಣಿಯ ಬಡ್ಡಿಗೆ ಉಂಟು

ಉಡುಪಿ: ಮಣಿಪಾಲದ ಕಾಲೇಜಿಗಾಗಲಿ, ಕಾರ್ಕಳ ತಾಲೂಕಿನ ನಿಟ್ಟೆಯ ಕಾಲೇಜಿಗಾಗಲಿ ಮಕ್ಕಳನ್ನು ಸೇರಿಸುವ ಅನೇಕ ಕುಟುಂಬಗಳು ಎರಡು ಮೂಲಗಳನ್ನು ನೆಚ್ಚಿಕೊಂಡಿರುತ್ತವೆ: ಒಂದು ವಿದ್ಯಾರ್ಥಿ ವೇತನ, ಇನ್ನೊಂದು ವರ್ಷಗಟ್ಟಲೆಯ ಉಳಿತಾಯ. ಎರಡೂ ವಿದ್ಯೆಗಾಗಿಯೇ ವೆಚ್ಚವಾಗುವುದರಿಂದ ಎರಡಕ್ಕೂ ಆದಾಯ ತೆರಿಗೆ ಇಲ್ಲವೆಂಬ ನಂಬಿಕೆ ಮಾತ್ರ ಸರಿಯಲ್ಲ.

ಶಿಕ್ಷಣದ ವೆಚ್ಚ ಭರಿಸಲು ನೀಡುವ ವಿದ್ಯಾರ್ಥಿ ವೇತನಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(16) ಪೂರ್ಣ ವಿನಾಯಿತಿ ನೀಡಿತ್ತು. ಮೊತ್ತಕ್ಕೆ ಮಿತಿ ಇರಲಿಲ್ಲ. 2025ರ ಹೊಸ ಕಾಯ್ದೆಯೂ ಇದನ್ನು ಉಳಿಸಿಕೊಂಡಿದೆ. ಶಿಕ್ಷಣದ ವೆಚ್ಚವೆಂದರೆ ಬೋಧನಾ ಶುಲ್ಕ ಮಾತ್ರವಲ್ಲ, ವಿದ್ಯಾರ್ಜನೆಗೆ ಪೂರಕವಾದ ಇತರ ಖರ್ಚುಗಳೂ ಸೇರುತ್ತವೆ ಎಂದು ಕರ್ನಾಟಕ ಹೈಕೋರ್ಟ್‌ನ ತೀರ್ಪೊಂದು (1981ರಲ್ಲಿ ವರದಿಯಾದದ್ದು) ಸ್ಪಷ್ಟಪಡಿಸಿದೆ. ಆದರೆ ಹೆಸರಿಗಿಂತ ಉದ್ದೇಶ ಮುಖ್ಯ. ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಬಂದ ಹಣವನ್ನು ಏನೆಂದು ಕರೆದರೂ ಅದು ಆದಾಯವೇ.

ಉಳಿತಾಯದ ಲೆಕ್ಕ ಬೇರೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ ಮನೆಮನೆಗೆ ಉಳಿತಾಯದ ಅಭ್ಯಾಸ ಕಲಿಸಿತು. ಪಿಗ್ಮಿಯಾಗಲಿ, ನಿರಖು ಠೇವಣಿಯಾಗಲಿ, ಹಿಂಪಡೆವ ಅಸಲಿಗೆ ತೆರಿಗೆ ಇಲ್ಲ, ಬಡ್ಡಿಗೆ ಉಂಟು. ಶುಲ್ಕ ಕಟ್ಟಲೆಂದು ತೆಗೆದರೂ ನಿಯಮ ಬದಲಾಗದು.

ಠೇವಣಿ ಮಗುವಿನ ಹೆಸರಿನಲ್ಲಿದ್ದರೆ ವಯಸ್ಸು ನಿರ್ಣಾಯಕ. ಉದಾಹರಣೆಗೆ, ಕಾಪುವಿನ ವ್ಯಾಪಾರಿಯೊಬ್ಬರು 16 ವರ್ಷದ ಮಗಳ ಹೆಸರಿನಲ್ಲಿ 8 ಲಕ್ಷ ರೂ. ಇಟ್ಟಿದ್ದು, ಶೇ. 7ರಂತೆ ವರ್ಷಕ್ಕೆ 56,000 ರೂ. ಬಡ್ಡಿ ಬರುತ್ತದೆ ಎನ್ನೋಣ. ಮಗಳು ಅಪ್ರಾಪ್ತೆಯಾದ್ದರಿಂದ ಈ ಬಡ್ಡಿ ತಂದೆ-ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಅವರು ಶೇ. 20ರ ಹಂತದಲ್ಲಿದ್ದರೆ 11,200 ರೂ. ತೆರಿಗೆ, ಅದರ ಮೇಲೆ ಸೆಸ್. ಮಗಳಿಗೆ 18 ತುಂಬಿದ ಬಳಿಕದ ಬಡ್ಡಿ ಆಕೆಯದೇ ಆದಾಯ. ಬೇರೆ ಗಳಿಕೆ ಇಲ್ಲದಿದ್ದರೆ ತೆರಿಗೆ ಬಾರದು. ಆದರೆ 2025ರ ಏಪ್ರಿಲ್‌ನಿಂದ ವಾರ್ಷಿಕ ಬಡ್ಡಿ 50,000 ರೂ. ಮೀರಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ ಕಡಿತ ಮಾಡುವುದರಿಂದ, ಕಡಿತವಾದ ಹಣ ಮರಳಿ ಪಡೆಯಲು ಆಕೆ ರಿಟರ್ನ್ ಸಲ್ಲಿಸಬೇಕು.

ಬಡ್ಡಿಗೂ ತೆರಿಗೆ ಇಲ್ಲದ ದಾರಿಗಳಿವೆ. 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯಿಂದ, ಮಗಳಿಗೆ 18 ತುಂಬಿದ ಅಥವಾ ಆಕೆ ಹತ್ತನೇ ತರಗತಿ ತೇರ್ಗಡೆಯಾದ ಬಳಿಕ, ಹಿಂದಿನ ಆರ್ಥಿಕ ವರ್ಷಾಂತ್ಯದ ಮೊತ್ತದ ಅರ್ಧದವರೆಗೆ ಶಿಕ್ಷಣಕ್ಕಾಗಿ ಪಡೆಯಬಹುದು. ಆದರೆ ಮಗಳಿಗೆ 10 ತುಂಬುವ ಮೊದಲೇ ಖಾತೆ ತೆರೆದಿರಬೇಕು. ಕಾಲೇಜಿನ ತೆರಿಗೆ ಲೆಕ್ಕವನ್ನು ಪ್ರಾಥಮಿಕ ಶಾಲೆಯ ದಿನಗಳಲ್ಲೇ ಹಾಕುವುದು ಲೇಸು.