ಒಂದೇ ಭೌತಶಾಸ್ತ್ರ, ಬೇರೆ ಬೇರೆ ಸಭೆ

ಸಂಶೋಧನೆ ಮಾಡುವುದು ಒಂದು ವಿದ್ಯೆ. ಮಾಡಿದುದನ್ನು ನಾಲ್ಕು ಜನರಿಗೆ ತಿಳಿಯುವಂತೆ ಹೇಳುವುದು ಇನ್ನೊಂದು ವಿದ್ಯೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ಕನ್ನಡದಲ್ಲಿ ಓದಿ, ಮುಂದೆ ಇಂಗ್ಲಿಷಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡುವ ತರುಣ ತರುಣಿಯರಿಗೆ ಈ ಎರಡನೆಯದೇ ಹೆಚ್ಚು ಕಠಿಣವಾಗಬಹುದು. ರಜೆಗೆ ಬಂದಾಗ “ನೀನು ಮಾಡುವುದೇನು?” ಎಂದು ಮನೆಯವರು ಕೇಳುತ್ತಾರೆ. “ಅದು ನಿಮಗೆ ತಿಳಿಯದು” ಎಂದುಬಿಟ್ಟರೆ ನಷ್ಟ ಇಬ್ಬರಿಗೂ. ಏನೆಂದು ತಿಳಿಯದ ವಿದ್ಯೆಗೆ ಮುಂದಿನ ಮಗುವನ್ನು ಕಳಿಸಲು ಮನೆಯವರು ಹಿಂದುಮುಂದು ನೋಡಿದರೆ ಆಶ್ಚರ್ಯವೇನು?

ನಮ್ಮ ಕಣ್ಣಮುಂದಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಘಟಪ್ರಭೆ ಗೋಕಾಕದ ಬಳಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಬಿದ್ದ ನೀರಿನ ಬಲ ಎಲ್ಲಿ ಹೋಯಿತು? ಅದು ಉಷ್ಣವಾಗಿ ಮಾರ್ಪಡುತ್ತದೆ, ಆದುದರಿಂದ ಜಲಪಾತದ ಬುಡದ ನೀರು ನೆತ್ತಿಯ ನೀರಿಗಿಂತ ತುಸು ಬೆಚ್ಚಗಿರಬೇಕು ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1845ರಲ್ಲಿ ಬರೆದನು. ಈ ಒಂದು ಸಂಗತಿಯನ್ನು ಮೂರು ಸಭೆಗಳಲ್ಲಿ ಹೇಳುವುದು ಹೇಗೆ?

ಮೂಡಲಗಿಯ ರೈತರ ಮುಂದೆ ಪಂಪಿನಿಂದ ಆರಂಭಿಸಬೇಕು. ಬಾವಿಯ ನೀರನ್ನು ಮೇಲೆತ್ತಲು ವಿದ್ಯುತ್ತು ವೆಚ್ಚವಾಗುವುದನ್ನು ಅವರು ಬಲ್ಲರು. ನೀರನ್ನು ಎತ್ತಲು ಬೇಕಾದುದನ್ನೇ ಅದು ಬೀಳುವಾಗ ಹಿಂದಿರುಗಿಸುತ್ತದೆ: ಚಕ್ರವನ್ನು ತಿರುಗಿಸಿದರೆ ಕೆಲಸವಾಗಿ, ಬರಿದೆ ಬಂಡೆಗೆ ಬಡಿದರೆ ಉಷ್ಣವಾಗಿ. ಲೆಕ್ಕದಲ್ಲಿ ಯಾವುದೂ ಮಾಯವಾಗದು. ಅಲ್ಲಿಗೆ ಇಷ್ಟು ಸಾಕು, ಸಮೀಕರಣ ಬೇಡ.

ಹುಕ್ಕೇರಿಯ ಹೈಸ್ಕೂಲಿನಲ್ಲಾದರೆ ಕರಿಹಲಗೆ ಬೇಕು. ಒಂದು ಕಿಲೋಗ್ರಾಂ ನೀರು 52 ಮೀಟರ್ ಬಿದ್ದರೆ ದೊರೆಯುವ ಶಕ್ತಿ ಸುಮಾರು 510 ಜೂಲ್. ಅದೇ ನೀರಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸಲು ಸುಮಾರು 4,190 ಜೂಲ್ ಬೇಕು. ಭಾಗಾಕಾರವನ್ನು ಮಕ್ಕಳೇ ಮಾಡಲಿ. ಡಿಗ್ರಿಯ ಎಂಟರಲ್ಲೊಂದು ಪಾಲು ಎಂಬ ಉತ್ತರ ತಾವೇ ಕಂಡುಕೊಂಡುದಾದರೆ ಮರೆಯುವುದಿಲ್ಲ.

ವಿಜ್ಞಾನಿಗಳ ಸಭೆಗೆ ಇದೆಲ್ಲ ತಿಳಿದದ್ದೇ. ಅವರು ಕೇಳುವುದು ಬೇರೆ: ಥರ್ಮಾಮೀಟರು ಎಷ್ಟು ಸೂಕ್ಷ್ಮ? ತುಂತುರು ಆವಿಯಾಗಿ ನೀರನ್ನು ತಂಪುಮಾಡುತ್ತದಲ್ಲ, ಅದನ್ನು ಹೇಗೆ ಬೇರ್ಪಡಿಸಿದಿರಿ? ಅಲ್ಲಿ ಅಳತೆಯನ್ನೂ ಅದರ ಅನುಮಾನವನ್ನೂ ಮೊದಲೇ ಮುಂದಿಡಬೇಕು.

ಮೂರು ಕಡೆಯೂ ಬಾಗಿಲು ಬೇರೆ, ಒಳಗಿನ ಮನೆ ಒಂದೇ. ಎಲ್ಲಿಯೂ ಬಿಡಬಾರದ ಮಾತೊಂದುಂಟು: ಈ ಬೆಚ್ಚಗಾಗುವಿಕೆ ಬಹಳ ಅಲ್ಪವಾದದ್ದು. ಅದನ್ನು ಬಿಟ್ಟು “ಜಲಪಾತ ನೀರನ್ನು ಕಾಯಿಸುತ್ತದೆ” ಎಂದರೆ ಚಪ್ಪಾಳೆ ಬಿದ್ದೀತು, ತಿಳಿವಳಿಕೆ ಕೆಟ್ಟೀತು. ಸುಲಭ ಮಾಡುವುದೆಂದರೆ ಸುಳ್ಳು ಮಾಡುವುದಲ್ಲ.

ಜೂಲನಿಗೂ ಸಭೆಗಳ ಭೇದ ಅನುಭವಕ್ಕೆ ಬಂದಿತ್ತು. 1847ರ ಏಪ್ರಿಲಿನಲ್ಲಿ ಆತ ಮ್ಯಾಂಚೆಸ್ಟರಿನ ಚರ್ಚೊಂದರ ವಾಚನಾಲಯದಲ್ಲಿ ಜನಸಾಮಾನ್ಯರಿಗೆ ಇದೇ ವಿಷಯವನ್ನು ವಿವರಿಸಿದನು. ಊರಿನ ಪತ್ರಿಕೆ ಆ ಭಾಷಣವನ್ನು ಅಚ್ಚುಮಾಡಿತು. ಜೂನಿನಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳ ಸಭೆಯಲ್ಲಾದರೋ ಚುಟುಕಾಗಿ ಹೇಳಿರೆಂದು ಅಧ್ಯಕ್ಷರು ಸೂಚಿಸಿದರಂತೆ. ತರುಣ ವಿಲಿಯಂ ಥಾಮ್ಸನ್ ಎತ್ತಿದ ಮಾತುಗಳಿಂದ ಆಸಕ್ತಿ ಹುಟ್ಟದಿದ್ದರೆ ತನ್ನ ಪ್ರಬಂಧ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತೆಂದು ಜೂಲನೇ ಮುಂದೆ ನೆನೆದಿದ್ದಾನೆ.

ನಮ್ಮವರೇ ಆದ ಸಿ. ವಿ. ರಾಮನ್ ಎರಡು ಬಗೆಯ ಸಭೆಗೂ ಸಲ್ಲುವವರಾಗಿದ್ದರು. ಬೆಳಕಿನ ಚದರಿಕೆಯ ಹೊಸ ಶೋಧವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ವಿಜ್ಞಾನಿಗಳ ಮುಂದಿಟ್ಟರು. ಅವರೇ ಮುಂದೆ ಸಾಮಾನ್ಯ ಶ್ರೋತೃಗಳಿಗಾಗಿ ರೇಡಿಯೋ ಭಾಷಣಗಳನ್ನು ಮಾಡಿದರು. ಅವು 1951ರಲ್ಲಿ ಪುಸ್ತಕವಾಗಿಯೂ ಬಂದವು.

ಈ ಕೌಶಲ ಅಭ್ಯಾಸದಿಂದ ಬರುವಂಥದು. ಭಾಷಣಕ್ಕೆ ಮುನ್ನ ಮನೆಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಐದು ನಿಮಿಷ ಹೇಳಿ. ಆಮೇಲೆ ಅವರಿಂದಲೇ ಅದನ್ನು ಹೇಳಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದುದು ನಿಮ್ಮ ಮಾತನ್ನು, ಅವರ ಬುದ್ಧಿಯನ್ನಲ್ಲ.