ಬಂಡೆಯ ಬಣ್ಣ ಯಾವುದು?

ಕುಂದುರ್ಪಿ ದುರ್ಗದ ಬಂಡೆಗಳ ಬಣ್ಣವೇನೆಂದು ಕೇಳಿದರೆ ಕಪ್ಪು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಮಕ್ಕಳಿಂದಲೂ ಹಾಗೆಯೇ ಬರೆಸುತ್ತೇವೆ. ಈ ಉತ್ತರ ಕಣ್ಣು ಕೊಟ್ಟದ್ದಲ್ಲ, ರೂಢಿ ಕೊಟ್ಟದ್ದು. ಇದನ್ನು ಅರಿಯಲು ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಯ (1840–1926) ಕಡಲಬಂಡೆಗಳ ಚಿತ್ರಗಳು ನೆರವಾಗುತ್ತವೆ.

ನಾರ್ಮಂಡಿಯ ತೀರದಲ್ಲಿರುವ ಎತ್ರೆತಾ ಎಂಬ ಊರಿನಲ್ಲಿ ಸೀಮೆಸುಣ್ಣದಂಥ ಬಿಳಿಗಲ್ಲಿನ ಕಡಿದಾದ ಬಂಡೆಗಳು ನೇರವಾಗಿ ಕಡಲಿಗಿಳಿದಿವೆ. ಅಲೆಗಳ ಹೊಡೆತದಿಂದ ಅಲ್ಲಿ ಕಮಾನುಗಳು ಮೂಡಿವೆ. ಅವುಗಳಲ್ಲಿ ದೊಡ್ಡದಾದ ಮಾನ್‌ಪೋರ್ಟನ್ನು ಮೋನೆ 1883ರಲ್ಲಿ ಚಿತ್ರಿಸಿದನು. ಆ ಪಟ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮಿನಲ್ಲಿದೆ. ಕಲ್ಲು ಬಿಳಿಯೆಂದು ಆತನು ಬರಿಯ ಬಿಳಿಯನ್ನು ಬಳಿಯಲಿಲ್ಲ. ಬಿಸಿಲು ತಾಕಿದೆಡೆ ಬೆಚ್ಚನೆಯ ಹೊಂಬಣ್ಣ, ನೆರಳಿನಲ್ಲಿ ನೀಲಿಯ ಛಾಯೆ. ಅವನು ಬರೆದದ್ದು ಕಲ್ಲನ್ನಲ್ಲ, ಕಲ್ಲಿನ ಮೇಲೆ ಬಿದ್ದ ಬೆಳಕನ್ನು.

ಬೆಳಕು ನಿಲ್ಲುವುದಿಲ್ಲ. ಆದುದರಿಂದ ಹಲವು ಪಟಗಳನ್ನು ಒಯ್ದು, ಹೊತ್ತು ಬದಲಾದಂತೆ ಪಟವನ್ನೂ ಬದಲಿಸುತ್ತಿದ್ದನು. 1841ರಲ್ಲಿ ಬಂದ ತವರದ ಬಣ್ಣದ ಕೊಳವೆಯಿಂದ ಬಯಲಿನಲ್ಲಿ ಕುಳಿತು ಬರೆಯುವುದು ಸುಲಭವಾಗಿತ್ತು. ಆದರೂ ಅಪಾಯವಿಲ್ಲದಿರಲಿಲ್ಲ: 1885ರಲ್ಲಿ ಕಡಲಿನ ಉಬ್ಬರದ ವೇಳೆಯನ್ನು ತಪ್ಪು ತಿಳಿದು, ಅಲೆಯೊಂದು ಅವನನ್ನು ಬಂಡೆಗೆ ಅಪ್ಪಳಿಸಿತು, ಪಟವೂ ಬಣ್ಣಗಳೂ ನೀರುಪಾಲಾದವು. 1874ರಲ್ಲಿ ವಿಮರ್ಶಕನೊಬ್ಬನು ಅಣಕಕ್ಕೆಂದು ಆಡಿದ ‘ಇಂಪ್ರೆಷನಿಸ್ಟ್’ ಎಂಬ ಮಾತೇ ಈ ಪಂಥದ ಹೆಸರಾಯಿತು.

ಬಣ್ಣದ ಪೆಟ್ಟಿಗೆಯಿಲ್ಲದ ಶಾಲೆಯಲ್ಲೂ ಈ ಪಾಠ ಸಾಧ್ಯ. ಒಂದೇ ಬಂಡೆಯನ್ನು ಮಕ್ಕಳಿಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ತೋರಿಸಿ, ಕಂಡ ಬಣ್ಣವನ್ನು ಹೇಳಿಸೋಣ. ಬೂದು, ಕಂದು, ಕೆಂಪು, ನೇರಿಳೆ ಎಂದು ಮಗು ತಡಕಾಡುವಾಗ ಕಣ್ಣಿನೊಡನೆ ನುಡಿಯೂ ಬೆಳೆಯುತ್ತದೆ. ಗಡಿನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಇದು ಸಣ್ಣ ಲಾಭವಲ್ಲ.