ಪೂಜೆಗೊಂಡ ಕಟ್ಟು, ಓದಿಸಿಕೊಂಡ ಕಟ್ಟು

ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓರಿಯೆಂಟಲ್ ಲೈಬ್ರರಿಯು 1916ರಲ್ಲಿ ವಿಶ್ವವಿದ್ಯಾನಿಲಯದ ಅಂಗವಾಯಿತು; ಇಂದು ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಅಲ್ಲಿನ ಹಸ್ತಪ್ರತಿ ವಾಚನಾಲಯದ ಕೀರ್ತಿ ಲೋಕವ್ಯಾಪಿಯಾದುದು ಒಂದು ಓಲೆಕಟ್ಟಿನಿಂದ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಆ ಕಟ್ಟನ್ನು ತಂದೊಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅನ್ಯ ಗ್ರಂಥಗಳಲ್ಲಿ ಉಲ್ಲೇಖಮಾತ್ರವಾಗಿ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಕೊಟ್ಟವರ ಔದಾರ್ಯ, ಓದಿದವರ ಪರಿಶ್ರಮ ಎರಡೂ ಕೂಡಿದ್ದರಿಂದ ಗ್ರಂಥವು ಬದುಕಿತು.

ಶರಣರ ವಚನಗಳ ವೃತ್ತಾಂತವೂ ಇದಕ್ಕಿಂತ ಭಿನ್ನವಲ್ಲ. ಫ.ಗು. ಹಳಕಟ್ಟಿಯವರು ಮನೆ ಮಠಗಳ ಓಲೆಗರಿಗಳನ್ನು ಅರಸಿ ಸಂಗ್ರಹಿಸದೆ ಹೋಗಿದ್ದರೆ 1923ರ ‘ವಚನಶಾಸ್ತ್ರಸಾರ’ ಎಲ್ಲಿಯದು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳೆಯ ಮನೆತನಗಳ ಜಗುಲಿಯಲ್ಲೋ ಅಟ್ಟದಲ್ಲೋ ಅಂತಹ ಕಟ್ಟುಗಳು ಉಳಿದಿದ್ದರೆ, ವರ್ಷಕ್ಕೊಮ್ಮೆ ವಿಭೂತಿ ಧರಿಸಿ ಹೂವೇರಿಸಿದ ಮಾತ್ರಕ್ಕೆ ಅವು ಉಳಿಯಲಾರವು. ಗೆದ್ದಲಿಗೆ ಭಕ್ತಿಯ ಪರಿವೆಯಿಲ್ಲ. ಗರಿಗಳ ಧೂಳು ತೆಗೆದು, ತಕ್ಕ ತೈಲ ಸವರಿ, ಹಲಗೆಗಳ ನಡುವೆ ಬಿಗಿದಿಡುವುದನ್ನು ಬಲ್ಲವರು ಇಂತಹ ಸಂಸ್ಥೆಗಳಲ್ಲಿ ಇದ್ದಾರೆ.

ಆದುದರಿಂದ ಭಕ್ತಬಂಧುಗಳೇ, ಜೀರ್ಣವಾಯಿತೆಂದು ಹೊಳೆಗೆ ಬಿಡುವ ಮುನ್ನ ಅವರಿಗೆ ತೋರಿಸಿರಿ. ಕಟ್ಟನ್ನು ಅಗಲಲು ಮನವೊಪ್ಪದಿದ್ದರೆ ಪ್ರತಿ ತೆಗೆದುಕೊಳ್ಳಲಾದರೂ ಅವಕಾಶವೀಯಿರಿ. ಹಿರಿಯರು ಬರೆದಿಟ್ಟುದು ಓದಲೆಂದೇ. ಅದನ್ನು ಓದಿಸುವುದೂ ಪೂಜೆಯೇ.